ಕುದುರೆ ಏರುವ ಮುನ್ನ

'ಕುದುರೆ ಕಂಡರೆ ಕಾಲುನೋವು' ಎಂಬ ಗಾದೆ ಮಾಥೆರಾನಿಗೆ ಚೆನ್ನಾಗಿ ಒಪ್ಪುತ್ತದೆ. ಮಹಾರಾಷ್ಟ್ರದ ರಾಯಗಡ ಜಿಲ್ಲೆಯಲ್ಲಿ, ಸುಮಾರು 800 ಮೀಟರ್ ಎತ್ತರದಲ್ಲಿರುವ ಈ ಗಿರಿಧಾಮಕ್ಕೆ ಪ್ರವಾಸಿಗರ ಕಾರುಗಳಿಗೆ ಪ್ರವೇಶವಿಲ್ಲ. ಅವು ದಸ್ತೂರಿ ನಾಕಾದಲ್ಲೇ ನಿಲ್ಲಬೇಕು. ನೇರಳ್‌ನಿಂದ ಹೊರಡುವ, 1907ರಲ್ಲಿ ಆರಂಭವಾದ ಪುಟಾಣಿ ರೈಲು, ಈಚೆಗೆ ಬಂದ ಇ-ರಿಕ್ಷಾಗಳನ್ನು ಬಿಟ್ಟರೆ ಆ ಕೆಮ್ಮಣ್ಣಿನ ದಾರಿಗಳಲ್ಲಿ ಕುದುರೆಯೇ ವಾಹನ. ಮಕ್ಕಳು ಹಟ ಹಿಡಿಯುತ್ತಾರೆ, ಅಪ್ಪ ಬಾಡಿಗೆಯ ಚೌಕಾಸಿಗೆ ನಿಲ್ಲುತ್ತಾರೆ. ಕುದುರೆಯನ್ನು ಮಾತ್ರ ಯಾರೂ ಸರಿಯಾಗಿ ನೋಡುವುದಿಲ್ಲ.

ನೋಡಬೇಕಾದದ್ದು ಅದನ್ನೇ. ಬೆಟ್ಟದ ದಾರಿಯಲ್ಲಿ ಎಡವುವುದು, ಬೆದರುವುದು ಹೆಚ್ಚಾಗಿ ದಣಿದ ಇಲ್ಲವೇ ನೋವಿರುವ ಕುದುರೆ. ಅದರ ಆರೈಕೆಯೂ ಸವಾರನ ಕ್ಷೇಮವೂ ಬೇರೆ ಬೇರೆಯಲ್ಲ.

ಮೊದಲು ಒಂದು ಸಣ್ಣ ಲೆಕ್ಕ. ಕುದುರೆಯ ಮೇಲಿನ ಭಾರ, ಜೀನೂ ಸೇರಿದಂತೆ, ಅದರ ತೂಕದ ಶೇಕಡಾ 20ನ್ನು ಮೀರಬಾರದೆಂಬುದು ಬಲ್ಲವರು ಪಾಲಿಸುವ ಮಿತಿ. ತಟ್ಟು 300 ಕಿಲೋ ಇದ್ದರೆ 60 ಕಿಲೋ ಆಯಿತು. ಜೀನಿಗೆ 8 ಕಿಲೋ ಕಳೆದರೆ ಉಳಿಯುವುದೆಷ್ಟು? ಎಂಬತ್ತು ಕಿಲೋ ತೂಗುವ ತಂದೆ ಮಗುವನ್ನೂ ಮುಂದೆ ಕೂರಿಸಿಕೊಂಡು ಫೋಟೊಗೆ ನಗುವುದು ಕುದುರೆಗೆ ನಗುವ ಸಂಗತಿಯಲ್ಲ.

ಇನ್ನು ಕಾಲು. ಗೊರಸಿನ ಹೊರಗೋಡೆ ನಮ್ಮ ಉಗುರಿನಂತೆಯೇ ಕೆರಾಟಿನ್ ಎಂಬ ಪ್ರೋಟೀನಿನಿಂದಾದದ್ದು. ಅದರಲ್ಲಿ ನರಗಳಿಲ್ಲ, ಹಾಗಾಗಿ ಲಾಳಕ್ಕೆ ಸರಿಯಾಗಿ ಹೊಡೆದ ಮೊಳೆ ನೋಯುವುದಿಲ್ಲ. ಆದರೆ ಗೊರಸು ಬೆಳೆಯುತ್ತಲೇ ಇರುತ್ತದೆ. ಆರರಿಂದ ಎಂಟು ವಾರಕ್ಕೊಮ್ಮೆ ಲಾಳ ಬಿಚ್ಚಿ, ಗೊರಸು ಕತ್ತರಿಸಿ, ಮತ್ತೆ ಕಟ್ಟಬೇಕು. ಸವಾರಿಗೆ ಮುಂಚೆ ಅಡಿಯಲ್ಲಿ ಸಿಕ್ಕಿದ ಕಲ್ಲನ್ನು ತೆಗೆಯದಿದ್ದರೆ ಕುದುರೆ ಕುಂಟುತ್ತದೆ. ಕುಂಟುವ ಕುದುರೆಯನ್ನು ಏರಬೇಡಿ. ಜೀನಿನಡಿ ಹುಣ್ಣಿದ್ದರೂ ಅಷ್ಟೆ.

ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಅನ್ನನಾಳ ಜಠರವನ್ನು ಸೇರುವಲ್ಲಿ ಇರುವ ಬಿಗಿಯಾದ ಸ್ನಾಯು ತಿಂದದ್ದನ್ನು ಹಿಂದಕ್ಕೆ ಬಿಡದು. ದೇಹಕ್ಕೆ ಹೋಲಿಸಿದರೆ ಜಠರವೂ ಚಿಕ್ಕದು. ಒಂದೇ ಸಲ ಹುರುಳಿಯನ್ನೋ ಧಾನ್ಯವನ್ನೋ ಸುರಿದರೆ ಪ್ರಾಣಕ್ಕೇ ಮುಳುವಾಗುವ ಹೊಟ್ಟೆಶೂಲೆ ಬರಬಹುದು. ಕುದುರೆ ಮತ್ತೆ ಮತ್ತೆ ಪಕ್ಕೆಯನ್ನು ತಿರುಗಿ ನೋಡುತ್ತ ನೆಲ ಕೆರೆದರೆ ಅದು ತುಂಟಾಟವಲ್ಲ, ನೋವು. ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಹುಲ್ಲು, ದಿನಕ್ಕೆ 25 ಲೀಟರಿಗೂ ಹೆಚ್ಚು ನೀರು ಅದಕ್ಕೆ ಬೇಕು.

ಏರುವಾಗ ಎಡಗಡೆಯಿಂದ, ಅದಕ್ಕೆ ಕಾಣುವಂತೆ ಹೋಗಿ. ಕಣ್ಣುಗಳು ತಲೆಯ ಎರಡೂ ಪಕ್ಕದಲ್ಲಿರುವುದರಿಂದ ಕುದುರೆಗೆ ಸುಮಾರು 350 ಡಿಗ್ರಿಯಷ್ಟು ಸುತ್ತಲೂ ಕಾಣುತ್ತದೆ. ಕಾಣದ್ದು ಎರಡೇ ಕಡೆ: ಬಾಲದ ಹಿಂದೆ ಮತ್ತು ಮುಖಕ್ಕೆ ತೀರ ಹತ್ತಿರ. ಹಿಂದಿನಿಂದ ಸದ್ದಿಲ್ಲದೆ ಬಂದವರನ್ನು ಅದು ಶತ್ರುವೆಂದೇ ತಿಳಿದು ಒದೆಯುತ್ತದೆ. ಕಿವಿಗಳು ಹಿಂದಕ್ಕೆ ಅಂಟಿಕೊಂಡರೆ ಎಚ್ಚರಿಕೆ ಕೊಟ್ಟಂತೆ.

ಬಿದ್ದವರಿಗೆ ದೊಡ್ಡ ಅಪಾಯ ರಿಕಾಪಿನಲ್ಲಿ ಕಾಲು ಸಿಕ್ಕಿಕೊಳ್ಳುವುದು. ಬೆದರಿದ ಕುದುರೆ ಎಳೆದುಕೊಂಡೇ ಓಡುತ್ತದೆ. ಆದ್ದರಿಂದ ಪಾದದ ಮುಂಭಾಗವಷ್ಟೇ ರಿಕಾಪಿನಲ್ಲಿರಲಿ, ಹಿಮ್ಮಡಿ ಕೆಳಗಿರಲಿ. ಹವಾಯಿ ಚಪ್ಪಲಿ ಬೇಡ, ಸ್ವಲ್ಪ ಹಿಮ್ಮಡಿಯಿರುವ ಬೂಟು ಒಳ್ಳೆಯದು. ಲಗಾಮನ್ನು ಕೈಗೆ ಸುತ್ತಿಕೊಳ್ಳಬಾರದು, ಮಗುವನ್ನು ಜೀನಿಗೆ ಕಟ್ಟಲೂಬಾರದು. ಸವಾರಿಯ ಹೆಲ್ಮೆಟ್ ಸಿಗದ ಕಡೆ ಮಗುವಿನ ಸೈಕಲ್ ಹೆಲ್ಮೆಟ್ಟಾದರೂ ತಲೆಯ ಮೇಲಿರಲಿ. ಜೀನಿನ ಹೊಟ್ಟೆಪಟ್ಟಿಯನ್ನು ಹತ್ತು ಹೆಜ್ಜೆ ನಡೆದ ಮೇಲೆ ಮತ್ತೊಮ್ಮೆ ಬಿಗಿಸಲು ಹೇಳಿ. ಬಿಗಿಸುವಾಗ ಎಷ್ಟೋ ಕುದುರೆಗಳು ಹೊಟ್ಟೆ ಉಬ್ಬಿಸುತ್ತವೆ, ಜಾಣತನ! ಏರುದಾರಿಯಲ್ಲಿ ಸ್ವಲ್ಪ ಮುಂದಕ್ಕೆ ಬಾಗಬೇಕು, ಇಳಿಜಾರಿನಲ್ಲಿ ನೆಟ್ಟಗೆ ಕೂರಬೇಕು. ಒದ್ದೆಯಾದ ನುಣುಪು ಕಲ್ಲುಹಾಸಿನ ಮೇಲೆ ಕಬ್ಬಿಣದ ಲಾಳಕ್ಕೆ ಘರ್ಷಣೆ ಕಡಿಮೆ, ಅಲ್ಲಿ ಓಡಿಸುವ ಮಾತೇ ಬೇಡ.

ಇಳಿಯುವಾಗ ಮೊದಲು ಎರಡೂ ಪಾದಗಳನ್ನು ರಿಕಾಪಿನಿಂದ ಬಿಡಿಸಿಕೊಳ್ಳಿ. ಆಮೇಲೆ ಮಗು ಕ್ಯಾರೆಟ್ ಚೂರು ಕೊಡಲು ಬಯಸಿದರೆ ಕೊಡಲಿ, ಆದರೆ ಬೆರಳಲ್ಲಿ ಹಿಡಿದಲ್ಲ, ಚಾಚಿದ ಅಂಗೈಯ ಮೇಲಿಟ್ಟು. ಮೂತಿಯ ಕೆಳಗಿರುವುದು ಕುದುರೆಗೆ ಕಾಣುವುದಿಲ್ಲ. ತುಟಿಯಿಂದ ತಡವಿ ಎತ್ತಿಕೊಳ್ಳುವಾಗ ಬೆರಳಾವುದು, ಕ್ಯಾರೆಟ್ಟಾವುದು ಎಂದು ಅದಕ್ಕೆ ತಿಳಿಯದು.