ಹಿಂಡಿ ಮುಟ್ಟದ ಬಾಣಂತಿ ಹಸು: ಕೀಟೋಸಿಸ್ ಮತ್ತು ಅದರ ಚಿಕಿತ್ಸೆ

(ಕನ್ನಡ ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ಊರಿನಲ್ಲಿರುವ ತಂದೆತಾಯಿಗಳಿಗೆ ಹಸು ಕೊಳ್ಳಲೆಂದು ಹಣ ಕಳುಹಿಸಿದವರು ನಿಮ್ಮಲ್ಲಿ ಹಲವರಿರಬಹುದು. ಹೆಚ್ಚು ಹಾಲು ಕೊಡುವ ಮಿಶ್ರತಳಿ ಹಸು ಕರು ಹಾಕಿ ಎರಡು ಮೂರು ವಾರಗಳಾದ ಮೇಲೆ ಹಿಂಡಿಯನ್ನು ಮೂಸಿ ಬಿಟ್ಟು, ಒಣಹುಲ್ಲನ್ನಷ್ಟೇ ಮೇಯುತ್ತ, ಹಾಲು ಇಳಿಸಿ ಬಡಕಲಾಗುವುದುಂಟು. ಮನೆಯವರು ದೃಷ್ಟಿಯಾಯಿತೆಂದು ನಿವಾಳಿಸುತ್ತಾರೆ, ಬೆಲ್ಲ ತಿನ್ನಿಸುತ್ತಾರೆ. ಅಕ್ಕರೆಯೇನೋ ದೊಡ್ಡದು, ಆದರೆ ಅದು ಸಾಲದು.

ಒಂದು ಲೀಟರ್ ಹಾಲಿನಲ್ಲಿ ಸುಮಾರು 48 ಗ್ರಾಂ ಹಾಲುಸಕ್ಕರೆ ಇರುತ್ತದೆ. ದಿನಕ್ಕೆ 20 ಲೀಟರ್ ಕರೆಯುವ ಹಸುವಿನ ಕೆಚ್ಚಲಿನಿಂದ ಹೆಚ್ಚುಕಡಿಮೆ ಒಂದು ಕಿಲೋ ಸಕ್ಕರೆ ಹೊರಹೋಗುತ್ತದೆ. ಅದಕ್ಕೆ ಬೇಕಾದ ಗ್ಲೂಕೋಸ್ ರಕ್ತದಿಂದಲೇ ಬರಬೇಕು. ಬಾಣಂತನದ ಮೊದಲ ವಾರಗಳಲ್ಲಿ ಹಾಲು ಏರಿದಷ್ಟು ಬೇಗ ಹಸಿವು ಏರುವುದಿಲ್ಲ. ಆಗ ಮೈಯ ಕೊಬ್ಬು ಕರಗಿ ಯಕೃತ್ತನ್ನು ಸೇರುತ್ತದೆ. ಅಲ್ಲಿ ಪೂರ್ಣವಾಗಿ ಬಳಕೆಯಾಗದೆ ಕೀಟೋನ್‌ಗಳಾಗಿ ರಕ್ತದಲ್ಲಿ ತುಂಬುತ್ತದೆ. ಇದೇ ಕೀಟೋಸಿಸ್. ಹಸುವಿನ ಉಸಿರಿನಲ್ಲಿ ಉಗುರುಬಣ್ಣ ಅಳಿಸುವ ದ್ರವದಂಥ ವಾಸನೆ ಬರಬಹುದು. ಕೆಲವು ಹಸುಗಳು ಗೋಡೆ ನೆಕ್ಕುತ್ತ, ಸುತ್ತು ತಿರುಗುತ್ತ ವಿಚಿತ್ರವಾಗಿ ವರ್ತಿಸುತ್ತವೆ. ರೇಬೀಸ್‌ನಲ್ಲಿಯೂ ಇಂಥ ವರ್ತನೆ ಕಾಣುವುದರಿಂದ ಬಾಯಿಗೆ ಕೈ ಹಾಕದೆ ವೈದ್ಯರನ್ನು ಕರೆಸಬೇಕು.

ಬೆಲ್ಲ ಏಕೆ ಸಾಲದು? ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಹುದುಗಿಸಿ ಆಮ್ಲಗಳನ್ನಾಗಿ ಮಾಡಿಬಿಡುತ್ತವೆ. ಗ್ಲೂಕೋಸ್ ರೂಪದಲ್ಲೇ ರಕ್ತಕ್ಕೆ ಸೇರುವುದು ಅತ್ಯಲ್ಪ. ಅತಿಯಾದ ಬೆಲ್ಲದಿಂದ ಹೊಟ್ಟೆ ಹುಳಿಯಾಗಿ ಹಸು ಇನ್ನಷ್ಟು ಕೆಡಬಹುದು.

ವೃತ್ತಿಯ ಆರಂಭದಲ್ಲಿ ನಾವೂ ಇಂಥದೇ ತಪ್ಪು ಮಾಡಿದ್ದೇವೆ. ಒಂದೇ ಹಸುವನ್ನು ನೆಚ್ಚಿದ್ದ ಮನೆಯೊಂದರಲ್ಲಿ ರಕ್ತನಾಳಕ್ಕೆ ಡೆಕ್ಸ್‌ಟ್ರೋಸ್ ಕೊಟ್ಟೆವು. ಹಸು ಸಂಜೆಗೆ ಹಿಂಡಿ ತಿಂದಿತು, ಗೆದ್ದೆವೆಂದು ಮರಳಿದೆವು. ಮೂರನೆಯ ದಿನ ಅದು ಮತ್ತೆ ಮೇವು ಬಿಟ್ಟಿತ್ತು. ಡೆಕ್ಸ್‌ಟ್ರೋಸಿನ ಪ್ರಭಾವ ಕೆಲವೇ ಗಂಟೆಗಳದು. ಅದರ ಬೆನ್ನಿಗೇ ಪ್ರೊಪಿಲೀನ್ ಗ್ಲೈಕಾಲನ್ನು ಕುಡಿಸಬೇಕಿತ್ತು. ಸಾಮಾನ್ಯವಾಗಿ ದಿನಕ್ಕೊಮ್ಮೆ 300 ಮಿಲಿಲೀಟರಿನಂತೆ ಮೂರರಿಂದ ಐದು ದಿನ ಕೊಡುತ್ತಾರೆ. ಯಕೃತ್ತು ಅದರಿಂದ ಗ್ಲೂಕೋಸ್ ತಯಾರಿಸುತ್ತದೆ. ಎರಡನೆಯ ಸಲ ಹಾಗೆಯೇ ಮಾಡಿದೆವು, ಹಸು ಉಳಿಯಿತು.

ಕೆಲವು ಎಚ್ಚರಿಕೆಗಳು: ಗೊಟ್ಟದಲ್ಲಿ ಕುಡಿಸುವಾಗ ತಲೆಯನ್ನು ಮೇಲಕ್ಕೆತ್ತಿ ಹಿಡಿದರೆ ಔಷಧ ಶ್ವಾಸಕೋಶಕ್ಕೆ ಇಳಿಯಬಹುದು. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ಬೇರೆ, ಅದು ವಿಷ. ಗರ್ಭಕೋಶದ ಸೋಂಕು, ಹೊಟ್ಟೆ ಸ್ಥಾನಪಲ್ಲಟಗೊಂಡಿರುವುದು ಮುಂತಾದ ಮೂಲಕಾರಣಗಳಿದ್ದರೆ ಅವಕ್ಕೂ ಚಿಕಿತ್ಸೆ ಬೇಕು. ಗಬ್ಬದ ಹಸುವನ್ನು ಅತಿಯಾಗಿ ಕೊಬ್ಬಿಸಬಾರದು. ಕರು ಹಾಕಿದ ಮೇಲೆ ಹಿಂಡಿಯನ್ನು ಹಂತಹಂತವಾಗಿ ಏರಿಸಬೇಕು.

ಮುಂದಿನ ಸಲ ಊರಿಗೆ ದೂರವಾಣಿ ಮಾಡಿದಾಗ ‘ಹಸು ಎಷ್ಟು ಹಾಲು ಕೊಡುತ್ತಿದೆ?’ ಎಂಬುದಕ್ಕೆ ಮೊದಲು ‘ಹಿಂಡಿ ತಿನ್ನುತ್ತಿದೆಯೇ?’ ಎಂದು ಕೇಳಿರಿ. ಇಲ್ಲವೆಂದರೆ ಅಂದೇ ಪಶುವೈದ್ಯರನ್ನು ಕರೆಸಲು ಹೇಳಿರಿ.