ಸೇವಾ ಕ್ಲಬ್ಬಿನ ಅಧ್ಯಕ್ಷರು ಮೊದಲು ತಟ್ಟಬೇಕಾದ ಬಾಗಿಲು

ಜುಲೈ 1 ಬಂತೆಂದರೆ ರೋಟರಿ, ಲಯನ್ಸ್ ಕ್ಲಬ್ಬುಗಳಲ್ಲಿ ಹೊಸ ವರ್ಷ. ಹಳೆಯ ಅಧ್ಯಕ್ಷರು ಇಳಿದು ಹೊಸಬರು ಅಧಿಕಾರ ವಹಿಸಿಕೊಳ್ಳುತ್ತಾರೆ. ಮುಂದಿನ ಜೂನ್ 30ಕ್ಕೆ ಅವರ ಅವಧಿ ಮುಗಿಯುತ್ತದೆ. ಈ ಹನ್ನೆರಡು ತಿಂಗಳ ಸಾಧನೆಯನ್ನು ನಾವು ಅಳೆಯುವುದು ಸಾಮಾನ್ಯವಾಗಿ ಎಷ್ಟು ಶಿಬಿರ ನಡೆಸಿದರು, ಶಾಲೆಗಳಿಗೆ ಎಷ್ಟು ಬೆಂಚು ಕೊಟ್ಟರು, ಎಷ್ಟು ದೇಣಿಗೆ ಎತ್ತಿದರು ಎಂಬ ಲೆಕ್ಕದಿಂದ. ಇವೆಲ್ಲ ಬೇಕಾದವೇ. ಆದರೆ ಅಧ್ಯಕ್ಷರ ಮೊದಲ ಕೆಲಸ ಇದಲ್ಲ ಎಂಬುದು ನನ್ನ ವಾದ. ಊರಿನಲ್ಲಿ ಆಗಲೇ ಬೇರುಬಿಟ್ಟಿರುವ ಸಂಘಗಳು, ಜಮಾತ್‌ಗಳು, ಮಹಿಳಾ ಗುಂಪುಗಳ ಜೊತೆ ಒಡನಾಟ ಬೆಳೆಸುವುದೇ ಅವರ ಮೊದಲ ಕೆಲಸ. ಅದಿಲ್ಲದೆ ಹೋದರೆ ಹಣವೂ ಔಷಧವೂ ತಲುಪಬೇಕಾದ ಮನೆಯ ಹೊಸ್ತಿಲಲ್ಲೇ ನಿಂತುಬಿಡುತ್ತವೆ.

ಇದಕ್ಕೆ ನಮ್ಮ ದೇಶದ ಪೋಲಿಯೊ ಹೋರಾಟಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ರೋಟರಿ 1985ರಲ್ಲಿ ಪೋಲಿಯೊಪ್ಲಸ್ ಎಂಬ ಕಾರ್ಯಕ್ರಮ ಶುರು ಮಾಡಿತು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಜೊತೆ ಸೇರಿ ಜಾಗತಿಕ ಪೋಲಿಯೊ ನಿರ್ಮೂಲನಾ ಆಂದೋಲನಕ್ಕೆ ಕೈಜೋಡಿಸಿತು. ಭಾರತದಲ್ಲಿ ಪಲ್ಸ್ ಪೋಲಿಯೊ ದೇಶವ್ಯಾಪಿಯಾಗಿ ಆರಂಭವಾದದ್ದು 1995ರಲ್ಲಿ. ಲಸಿಕೆ ಇತ್ತು, ಹಣವಿತ್ತು, ಸರ್ಕಾರದ ಸಂಕಲ್ಪವೂ ಇತ್ತು. ಆದರೂ 2002ರಲ್ಲಿ ದೇಶದಲ್ಲಿ 1,600 ಪ್ರಕರಣಗಳು ದಾಖಲಾದವು, ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಉತ್ತರ ಪ್ರದೇಶವೊಂದರಲ್ಲೇ. ಆ ರಾಜ್ಯದ ಪಶ್ಚಿಮ ಜಿಲ್ಲೆಗಳಲ್ಲಿ, ಮುಖ್ಯವಾಗಿ ಬಡ ಮುಸ್ಲಿಂ ಬಡಾವಣೆಗಳಲ್ಲಿ, ಹನಿ ಹಾಕಿಸಿಕೊಂಡ ಮಗುವಿಗೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ವದಂತಿ ಹಬ್ಬಿತ್ತು. ಅದರ ಜೊತೆಗೆ ನ್ಯಾಯವಾದ ಸಿಟ್ಟೊಂದೂ ಇತ್ತು: ಚರಂಡಿ ಇಲ್ಲ, ಶುದ್ಧ ನೀರಿಲ್ಲ, ಜ್ವರ ಬಂದರೆ ಕೇಳುವವರಿಲ್ಲ, ಈ ಎರಡು ಹನಿ ಹಾಕಲು ಮಾತ್ರ ಏಕೆ ಮತ್ತೆ ಮತ್ತೆ ಬರುತ್ತೀರಿ?

ಲಸಿಕೆ ತಂಡ ಮನೆಮನೆ ಸುತ್ತಿದ ಮೇಲೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಗುರುತು ಬರೆಯುತ್ತಿತ್ತು. ಎಲ್ಲ ಮಕ್ಕಳಿಗೂ ಹನಿ ಬಿದ್ದ ಮನೆಗೆ ‘ಪಿ’, ಒಂದು ಮಗು ಬಿಟ್ಟುಹೋಗಿದ್ದರೂ ‘ಎಕ್ಸ್’. ಹನಿ ಹಾಕಿಸಿಕೊಂಡ ಮಗುವಿನ ಕಿರುಬೆರಳಿಗೆ ಶಾಯಿಯ ಗುರುತು. ಎಕ್ಸ್ ಬಿದ್ದ ಮನೆಗೆ ಅದೇ ತಂಡ ಮತ್ತೆ ಹೋದರೆ ಸಿಗುತ್ತಿದ್ದದ್ದು ಅದೇ ಉತ್ತರ. ಬಾಗಿಲು ತೆರೆದದ್ದು ಜೊತೆಗೆ ಹೋದವರು ಬದಲಾದಾಗ. ರೋಟರಿಯ ಮುಂದಾಳುಗಳು ಮುಸ್ಲಿಂ ಧರ್ಮಪಂಡಿತರಾದ ಉಲೇಮಾಗಳ ಸಮಿತಿ ಕಟ್ಟಿದರು. ಮಸೀದಿಯ ಇಮಾಮರು ಲಸಿಕೆ ಹಾಕಿಸಿ ಎಂದು ಧ್ವನಿವರ್ಧಕದಲ್ಲಿ ಹೇಳಿದರು. ಮದರಸಾದ ಶಿಕ್ಷಕರು, ಯುನಿಸೆಫ್ ನೆರವಿನಿಂದ ಅದೇ ಓಣಿಗಳಲ್ಲಿ ಆರಿಸಿಕೊಂಡ ಮಹಿಳಾ ಕಾರ್ಯಕರ್ತೆಯರು ತಾಯಂದಿರ ಪಕ್ಕ ಕುಳಿತು ಮಾತಾಡಿದರು. ಕ್ಲಬ್ಬುಗಳು ಅಲ್ಲಲ್ಲಿ ಆರೋಗ್ಯ ಶಿಬಿರ ನಡೆಸಿದವು. ಪೋಲಿಯೊ ಬಿಟ್ಟು ಬೇರೆ ಕಾಯಿಲೆಗಳನ್ನೂ ಯಾರೋ ಕೇಳುತ್ತಾರೆ ಎಂಬ ನಂಬಿಕೆ ಹುಟ್ಟಿತು. ನನಗೆ ಇಡೀ ಕಥೆಯಲ್ಲಿ ಅತ್ಯಂತ ಮುಖ್ಯವಾಗಿ ಕಾಣುವುದು ಇದೇ: ಕೇಳಿಸಿಕೊಂಡವರ ಮಾತನ್ನು ಜನ ಕೇಳಿದರು.

ಗೆಲುವಿನ ಶ್ರೇಯಸ್ಸು ಸಲ್ಲಬೇಕಾದದ್ದು ಸರ್ಕಾರಕ್ಕೆ, ವಿಜ್ಞಾನಕ್ಕೆ ಎಂದು ಆಕ್ಷೇಪಿಸುವವರಿದ್ದಾರೆ. ಅದರಲ್ಲಿ ಸತ್ಯವಿದೆ. 2009ರಲ್ಲಿ 741 ಇದ್ದ ಪ್ರಕರಣಗಳು 2010ರಲ್ಲಿ 42ಕ್ಕೆ ಇಳಿಯಲು ಆ ವರ್ಷ ಬಳಕೆಗೆ ಬಂದ, ಎರಡು ಬಗೆಯ ಪೋಲಿಯೊ ವೈರಾಣುವನ್ನು ಒಟ್ಟಿಗೆ ತಡೆಯುವ ಬೈವೇಲೆಂಟ್ ಲಸಿಕೆ ಬಹು ದೊಡ್ಡ ಕಾರಣ. ಆದರೆ ಎಷ್ಟೇ ಒಳ್ಳೆಯ ಲಸಿಕೆಯಾದರೂ ಮಗುವಿನ ಬಾಯಿಗೆ ಬೀಳದೆ ಕೆಲಸ ಮಾಡದು. ಹೊಸ ಲಸಿಕೆ ಬರುವ ಹೊತ್ತಿಗೆ ಬಾಗಿಲುಗಳು ತೆರೆದಿದ್ದವು, ಅವನ್ನು ತೆರೆಸಲು ವರ್ಷಗಳೇ ಹಿಡಿದಿದ್ದವು. ದೇಶದ ಕೊನೆಯ ಪ್ರಕರಣ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ 2011ರ ಜನವರಿ 13ರಂದು ಕಾಣಿಸಿಕೊಂಡಿತು. 2014ರ ಮಾರ್ಚ್ 27ರಂದು ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಸ್ಥಳೀಯ ಸಂಘಗಳಲ್ಲಿ ಜಾತಿ ಇದೆ, ಪಕ್ಷ ರಾಜಕೀಯ ಇದೆ. ಅವುಗಳ ಸಹವಾಸ ಮಾಡಿದರೆ ಕ್ಲಬ್ಬಿನ ಹೆಸರು ಕೆಡುತ್ತದೆ, ಒಬ್ಬರನ್ನು ಸೇರಿಸಿಕೊಂಡರೆ ಮತ್ತೊಬ್ಬರು ಮುನಿಯುತ್ತಾರೆ ಎಂಬ ಅಳುಕು. ಇದು ನಿಜವಾದ ಅಪಾಯ. ಆದರೆ ದೂರ ನಿಲ್ಲುವುದು ಅದಕ್ಕೆ ಪರಿಹಾರವಲ್ಲ. ಒಂದೇ ಸಂಘದ ಕೈಹಿಡಿದರೆ ಪಕ್ಷಪಾತ, ಎಲ್ಲರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ಒಂದೇ ಕೆಲಸದ ಬಗ್ಗೆ ಮಾತಾಡಿಸಿದರೆ ಆ ಅಪಾಯ ಬಹಳಷ್ಟು ತಗ್ಗುತ್ತದೆ. ವರ್ತಕರು, ವೈದ್ಯರು, ಇಂಜಿನಿಯರುಗಳೇ ಹೆಚ್ಚಾಗಿರುವ ಕ್ಲಬ್ಬಿಗೆ ಕೊಳೆಗೇರಿಯ ನೋವು ತಾನಾಗಿ ಗೊತ್ತಾಗುವುದೂ ಇಲ್ಲ, ಅದನ್ನು ಹೇಳುವವರು ಬೇಕು. ಒಂದೇ ವರ್ಷದಲ್ಲಿ ಇದೆಲ್ಲ ಹೇಗೆ ಸಾಧ್ಯ ಎಂಬ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ಅಧ್ಯಕ್ಷರು ಬದಲಾಗುತ್ತಾರೆ, ಊರಿನ ಸಂಘ ಬದಲಾಗುವುದಿಲ್ಲ. ಕೆಲಸ ಮುಂದುವರಿಯಬೇಕಾದರೆ ಅದು ಇರಬೇಕಾದದ್ದು ಆ ಸಂಘದ ಕೈಯಲ್ಲಿ. ರೋಟರಿಯಲ್ಲಿ ಸದಸ್ಯರಲ್ಲದ ಊರವರೇ ಸೇರಿ ಕಟ್ಟಿಕೊಳ್ಳುವ ರೋಟರಿ ಕಮ್ಯುನಿಟಿ ಕೋರ್ ಎಂಬ ವ್ಯವಸ್ಥೆ 1980ರ ದಶಕದಿಂದಲೇ ಇದೆ. ತಮ್ಮ ಊರಿಗೆ ಏನು ಬೇಕೆಂದು ತೀರ್ಮಾನಿಸುವವರು ಅವರೇ. ಕ್ಲಬ್ಬು ಬೆಂಬಲಕ್ಕೆ ನಿಲ್ಲುತ್ತದೆ.

ಕರ್ನಾಟಕದಲ್ಲಿ ಇಂಥ ಕೆಲಸಕ್ಕೆ ನೆಲ ಹದವಾಗಿಯೇ ಇದೆ. ಹಳ್ಳಿಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘಗಳಿವೆ, ಸ್ತ್ರೀಶಕ್ತಿ ಗುಂಪುಗಳಿವೆ, ಸರ್ಕಾರಿ ಶಾಲೆಗೆ ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಇದೆ, ಪ್ರತಿ ಮನೆಯ ಬಾಣಂತಿಯ ಪರಿಚಯವಿರುವ ಆಶಾ ಕಾರ್ಯಕರ್ತೆಯರಿದ್ದಾರೆ. ಮುಂದಿನ ಜುಲೈಯಲ್ಲಿ ಅಧಿಕಾರ ವಹಿಸಿಕೊಳ್ಳುವವರಲ್ಲಿ ಒಂದೇ ಕೋರಿಕೆ. ವರ್ಷದ ಯೋಜನೆಗಳ ಪಟ್ಟಿಯನ್ನು ಅಚ್ಚಿಗೆ ಕಳಿಸುವ ಮುಂಚೆ ಇವರೆಲ್ಲರ ಸಭೆಗಳಿಗೆ ಹೋಗಿ, ಹಿಂದಿನ ಸಾಲಿನಲ್ಲಿ ಕುಳಿತು, ಅವರ ಮಾತು ಮುಗಿಯುವವರೆಗೂ ಕೇಳಿ ಬನ್ನಿ. ಪಟ್ಟಿಯನ್ನು ಆಮೇಲೆ ಬರೆಯಿರಿ.