ದೈವದಂಡವಾಗಿ ಬಂದ ಸೈನ್ಯ

ಯೆಹೂದ ದೇಶದಲ್ಲಿ ನ್ಯಾಯವು ಸೊರಗಿ ಹಿಂಸೆಯು ಹೆಚ್ಚಿದುದನ್ನು ಕಂಡು ಪ್ರವಾದಿಯಾದ ಹಬಕ್ಕೂಕನು ದೇವರಿಗೆ ಮೊರೆಯಿಟ್ಟನು. ದೊರೆತ ಉತ್ತರವು ಭಯಂಕರವಾಗಿದ್ದಿತು: ಕಸ್ದೀಯರ ಸೈನ್ಯವೇ ದೇವರು ಎತ್ತುವ ದಂಡ! ಚಿರತೆಗಳನ್ನು ಮೀರಿಸುವ ಕುದುರೆಗಳು, ಮರಳಿನಂತೆ ಎಣಿಕೆಯಿಲ್ಲದ ಸೆರೆಯಾಳುಗಳು. ಕ್ರಿ. ಪೂ. 605ರಲ್ಲಿ ಕರ್ಕೆಮೀಷಿನಲ್ಲಿ ಈಜಿಪ್ಟಿನವರನ್ನು ಮುರಿದ ಬಾಬಿಲೋನಿನ ದಂಡು ಇವರದೇ.

ಆದರೂ ಪ್ರವಾದಿಯು ಸುಮ್ಮನಾಗಲಿಲ್ಲ. ಕೆಟ್ಟವನನ್ನು ದಂಡಿಸಲು ಅವನಿಗಿಂತ ಕೆಟ್ಟವನನ್ನು ಕಳುಹುವುದು ಯಾವ ನ್ಯಾಯವೆಂದು ಮತ್ತೆ ಕೇಳಿದನು. ದಂಡವಾದವನೂ ತಾನು ಸುರಿಸಿದ ರಕ್ತಕ್ಕೆ ಉತ್ತರ ಕೊಡಬೇಕಾಗುವುದು. ಅಲ್ಲಿಯವರೆಗೆ ಸಜ್ಜನನು ನಂಬಿಕೆಯಿಂದ ಬಾಳಬೇಕು. ಇದೇ ಅವನಿಗೆ ದೊರೆತ ಸಮಾಧಾನ.

ಕ್ರಿ. ಪೂ. 597ರಲ್ಲಿ ಯೆರೂಸಲೇಮ್ ನಗರವು ಕಸ್ದೀಯರಿಗೆ ಶರಣಾಯಿತು. 539ರಲ್ಲಿ ಬಾಬಿಲೋನೂ ಪಾರಸೀಕ ದೊರೆ ಸೈರಸನ ವಶವಾಯಿತು. ಗೆದ್ದ ಮಾತ್ರಕ್ಕೆ ಖಡ್ಗವು ಧರ್ಮವಾಗದೆಂಬುದೇ ಈ ಕಿರುಗ್ರಂಥದ ಹುರುಳು.